ಬೇಸಿಗೆ ರಜೆಯಲ್ಲಿ ಓದೂ ಇರಲಿ, ರಜೆಯೂ ಉಳಿಯಲಿ

ನಮ್ಮ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ 11ಕ್ಕೆ ಶುರುವಾಗಿ ಮೇ 28ಕ್ಕೆ ಮುಗಿಯುತ್ತದೆ. ಎಣಿಸಿದರೆ 48 ದಿನ. ಎಸ್ಸೆಸ್ಸೆಲ್ಸಿ ಬರೆದು ಪಿಯುಸಿಗೆ ಹೋಗುವವರಿಗೆ ಇನ್ನೂ ಕೆಲವು ದಿನ ಜಾಸ್ತಿ ಸಿಗುತ್ತದೆ.

ಈ ದಿನಗಳ ಮೇಲೆ ಎಲ್ಲರ ಕಣ್ಣು. ಬೆಳಗ್ಗೆ ಪೇಪರ್ ಬಿಡಿಸಿದರೆ ಮುಂದಿನ ತರಗತಿಗೆ ತಯಾರು ಮಾಡುವ ಬ್ರಿಡ್ಜ್ ಕೋರ್ಸ್‌ನ ಕರಪತ್ರ ಉದುರುತ್ತದೆ. ಊರಿನಿಂದ ಅಜ್ಜಿ ಫೋನ್ ಮಾಡಿ "ಈ ಸಲ ಎಷ್ಟು ದಿನ ಇರ್ತೀಯ ಮಗಾ?" ಅಂತ ಕೇಳುತ್ತಾರೆ. ಮದುವೆ, ಗೃಹಪ್ರವೇಶ, ಜಾತ್ರೆ ಎಲ್ಲವೂ ಇದೇ ಎರಡು ತಿಂಗಳಲ್ಲಿ. ಅಷ್ಟರಲ್ಲಿ ಪಕ್ಕದ ಮನೆಯವರು ಮಗಳನ್ನು ಕೋಚಿಂಗ್‌ಗೆ ಸೇರಿಸಿದ ಸುದ್ದಿ ಬರುತ್ತದೆ. ಅಪ್ಪ ಅಮ್ಮನಿಗೆ ಅಲ್ಲಿಂದ ನಿದ್ದೆ ಬರುವುದಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಪಾಠ ಹೇಳುವವಳು. ಪ್ರತಿ ಜೂನ್‌ನಲ್ಲಿ ಎರಡು ಬಗೆಯ ಮುಖಗಳು ನನ್ನ ಎದುರು ಕೂರುತ್ತವೆ. ರಜೆಯಿಡೀ ದಿನಕ್ಕೆ ಏಳೆಂಟು ಗಂಟೆ ಕೋಚಿಂಗ್‌ನಲ್ಲಿ ಕೂತು ಬಂದವರು ಮೊದಲ ದಿನವೇ ಸುಸ್ತಾಗಿರುತ್ತಾರೆ. ಪುಸ್ತಕವನ್ನೇ ಮುಟ್ಟದವರು ಭಿನ್ನರಾಶಿ ಕೂಡುವುದಕ್ಕೂ ತಡವರಿಸುತ್ತಾರೆ. ಇಬ್ಬರನ್ನು ನೋಡಿದರೂ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಈ ಎರಡೂ ಬೇಕಾಗಿರಲಿಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ಪುಸ್ತಕ ಮುಚ್ಚಿಟ್ಟ ಹೊತ್ತಿನಲ್ಲೇ ನಡೆಯುತ್ತದೆ. ಅದಕ್ಕೇ ರಜೆಯ ಪಟ್ಟಿ ಬರೆಯುವಾಗ ಮೊದಲು ವಿಶ್ರಾಂತಿಯನ್ನು ಬರೆಯಿರಿ, ಓದನ್ನು ಆಮೇಲೆ ಬರೆಯಿರಿ ಅಂತ ನಾನು ಹೇಳುವುದು. ಅದು ಹೇಗೆ, ಯಾಕೆ ಅಂತ ನೋಡೋಣ.

ಮರೆವು ಹೇಗೆ ಕೆಲಸ ಮಾಡುತ್ತದೆ

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಅಳೆದಿದ್ದ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ದಿನಕ್ಕೆ ಮೂರರಲ್ಲಿ ಎರಡು ಪಾಲು ಹೋಗಿತ್ತು. ಆಮೇಲೆ ಮಾತ್ರ ಮರೆವಿನ ವೇಗ ಕಡಿಮೆಯಾಯಿತು. ಒಂದು ತಿಂಗಳ ಬಳಿಕವೂ ಐದನೇ ಒಂದು ಪಾಲು ಉಳಿದಿತ್ತು. ನಾವು ಓದುವ ಪಾಠಕ್ಕೆ ಅರ್ಥ ಇರುತ್ತದೆ, ಹಾಗಾಗಿ ಅಷ್ಟು ಬೇಗ ಮರೆಯುವುದಿಲ್ಲ. ಆದರೆ ಮರೆವಿನ ದಾರಿ ಹೆಚ್ಚುಕಡಿಮೆ ಇದೇ. ಮೊದಲು ಜಾರು, ಆಮೇಲೆ ನಿಧಾನ.

ಇದನ್ನು ತಡೆಯಲು ಎರಡು ಉಪಾಯಗಳಿವೆ. ಒಂದು, ಓದನ್ನು ದಿನಗಳ ಮೇಲೆ ಹರಡುವುದು. ಸ್ವಲ್ಪ ಮರೆತ ಮೇಲೆ ಮತ್ತೆ ನೆನಪಿಸಿಕೊಂಡರೆ ಅದು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಎರಡು, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕ್ ಇದನ್ನು ಪರೀಕ್ಷೆ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದ ಗುಂಪೇ ಮುಂದಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ 40% ನೆನಪಿತ್ತು, ನೋಡದೆ ಬರೆದವರಿಗೆ 61%. ಓದಿ ಓದಿ ಗೊತ್ತಾಯಿತು ಅನಿಸುವುದು ಆ ಹೊತ್ತಿನ ಅನಿಸಿಕೆ ಮಾತ್ರ ಅಂತ ಮಕ್ಕಳಿಗೆ ಹೇಳಿಕೊಡಲು ನಾನು ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಹಾಗಾದರೆ ರಜೆಯಲ್ಲಿ ಕಲಿತಿದ್ದೆಲ್ಲ ಕರಗಿಹೋಗುತ್ತದಾ? 1996ರಲ್ಲಿ ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬೇಸಿಗೆ ರಜೆಯಲ್ಲಿ ಮಕ್ಕಳು ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ ಅಂತ ಹೇಳಿದರು. ಈ ನಷ್ಟ ಓದುವಿಕೆಗಿಂತ ಗಣಿತದಲ್ಲಿ ಜಾಸ್ತಿ. ಆಮೇಲೆ ಬಂದ ಸಂಶೋಧಕರು ಅಷ್ಟು ನಷ್ಟ ಖಚಿತವಲ್ಲ, ಯಾವ ಪರೀಕ್ಷೆಯಿಂದ ಅಳೆದಿರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ ಅಂದರು. ಎರಡನ್ನೂ ಒಟ್ಟಿಗಿಟ್ಟು ನಾನು ತಿಳಿದುಕೊಂಡಿದ್ದು ಇಷ್ಟು: ಹೆದರಬೇಕಾಗಿಲ್ಲ, ಆದರೆ ಗಣಿತದ ಕೈ ಪೂರ್ತಿ ನಿಲ್ಲಬಾರದು. ಕಥೆ ಓದುವ ಮಗುವಿಗೆ ಭಾಷೆ ತಾನಾಗಿಯೇ ಉಳಿಯುತ್ತದೆ. ಬೀಜಗಣಿತದ ಲೆಕ್ಕ ಮಾತ್ರ ರಜೆಯಲ್ಲಿ ಯಾರ ಮನೆಯಲ್ಲೂ ಸುಮ್ನೆ ಎದುರಾಗುವುದಿಲ್ಲ.

ಇನ್ನು ನಿದ್ದೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಹತ್ತು ಅಕ್ಷರಗುಂಪುಗಳನ್ನು ಕಲಿಸಿದರು. ಕಲಿತ ಮೇಲೆ ಎಂಟು ಗಂಟೆ ನಿದ್ದೆ ಮಾಡಿ ಎದ್ದಾಗ ಹತ್ತರಲ್ಲಿ ಐದರಷ್ಟು ನೆನಪಿದ್ದವು. ಅದೇ ಎಂಟು ಗಂಟೆ ಎಚ್ಚರವಾಗಿ ಓಡಾಡಿಕೊಂಡಿದ್ದರೆ ಒಂದರ ಆಸುಪಾಸು. ನೂರು ವರ್ಷದಿಂದ ಈ ದಾರಿಯಲ್ಲಿ ಬೇಕಾದಷ್ಟು ಕೆಲಸ ನಡೆದಿದೆ. ನಿದ್ದೆಯಲ್ಲಿ ಮಿದುಳು ಹಗಲಿನ ಕಲಿಕೆಯನ್ನು ಮತ್ತೆ ಹಾಯ್ದು ಗಟ್ಟಿ ಮಾಡಿಕೊಳ್ಳುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುವುದು ನಿದ್ದೆ ತಜ್ಞರ ಸಲಹೆ. ಪರೀಕ್ಷೆಯ ತಿಂಗಳಲ್ಲಿ ಐದಾರು ಗಂಟೆ ಮಲಗಿದ ಹುಡುಗ ಏಪ್ರಿಲ್‌ನಲ್ಲಿ ಒಂಬತ್ತು ಗಂಟೆ ಮಲಗಿದರೆ ಅವನನ್ನು ದಯವಿಟ್ಟು ಸೋಮಾರಿ ಅನ್ನಬೇಡಿ.

ವಿಶ್ರಾಂತಿ ಅಂದರೆ ಏನು

ಬರೀ ಮಲಗುವುದಾ? ಮೊಬೈಲ್ ಹಿಡಿದು ಕೂರುವುದಾ? 2007ರಲ್ಲಿ ಸಬೀನೆ ಸೊನೆಂಟಾಗ್ ಮತ್ತು ಷಾರ್ಲೊಟ್ಟೆ ಫ್ರಿಟ್ಜ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ದಣಿವು ಆರಲು ಏನೇನು ಬೇಕು ಅಂತ ವಿಂಗಡಿಸಿದರು. ಅವರು ನೋಡಿದ್ದು ಕೆಲಸಕ್ಕೆ ಹೋಗುವವರನ್ನು. ಆದರೂ ವಿದ್ಯಾರ್ಥಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಕೆಲಸದ ಯೋಚನೆ ತಲೆಯಿಂದ ಪೂರ್ತಿ ಇಳಿಯಬೇಕು. ಮೈ ಮನಸ್ಸು ಹಗುರಾಗಬೇಕು. ಹೊಸದೊಂದು ಕೈಗೆ ಹತ್ತಿದ ಖುಷಿ ಇರಬೇಕು. ಆ ಹೊತ್ತನ್ನು ಹೇಗೆ ಕಳೆಯುವುದು ಅನ್ನುವುದು ನಮ್ಮ ಕೈಯಲ್ಲಿರಬೇಕು.

ಇದರಲ್ಲಿ ಮೂರನೆಯದನ್ನು ಗಮನಿಸಿ. ಕಲಿಯುವುದೂ ವಿಶ್ರಾಂತಿಯೇ, ಅದು ಬೇರೆ ಬಗೆಯ ಕಲಿಕೆ ಆಗಿದ್ದರೆ. ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವ ಹುಡುಗಿ, ಅಜ್ಜಿಯ ಜೊತೆ ಮಾಳಿಗೆಯ ಮೇಲೆ ಸಂಡಿಗೆ ಇಡುವ ಹುಡುಗ, ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ನಾಟಕ ಆಡುವ ಮಕ್ಕಳು ಎಲ್ಲರೂ ಕಷ್ಟಪಟ್ಟೇ ಕಲಿಯುತ್ತಾರೆ. ಸಂಜೆಗೆ ಮೈ ದಣಿದಿರುತ್ತದೆ. ಆದರೆ ಮನಸ್ಸು ತುಂಬಿರುತ್ತದೆ. ನಾಲ್ಕನೆಯದು ಇನ್ನೂ ಮುಖ್ಯ. ಗಂಟೆಗೊಂದು ತರಗತಿಯಂತೆ ಅಪ್ಪ ಅಮ್ಮ ಹಾಕಿಕೊಟ್ಟ ವೇಳಾಪಟ್ಟಿಯಲ್ಲಿ ಕರಾಟೆ, ಅಬ್ಯಾಕಸ್, ಕೀಬೋರ್ಡ್ ಎಲ್ಲ ಇದ್ದರೂ ಅದು ರಜೆ ಆಗುವುದಿಲ್ಲ. ಯಾಕೆಂದರೆ ಅದರಲ್ಲಿ ಮಗುವಿನ ಮಾತು ಎಲ್ಲೂ ಇಲ್ಲ.

ಇನ್ನೊಂದು ಅಧ್ಯಯನ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ನೆದರ್ಲೆಂಡ್ಸ್‌ನ ಯೆಸ್ಸಿಕಾ ಡೆ ಬ್ಲೂಮ್ ಮತ್ತು ಜೊತೆಗಾರರು 2013ರಲ್ಲಿ ದೀರ್ಘ ಬೇಸಿಗೆ ರಜೆ ಹಾಕಿದ ಉದ್ಯೋಗಿಗಳನ್ನು ಗಮನಿಸಿದರು. ರಜೆಯ ಎಂಟನೇ ದಿನದ ಹೊತ್ತಿಗೆ ಜನ ಅತ್ಯಂತ ನೆಮ್ಮದಿಯಾಗಿದ್ದರು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಆ ನೆಮ್ಮದಿ ಕರಗಿತ್ತು. ಇದರಿಂದ ಎರಡು ಮಾತು ಹೊರಡುತ್ತವೆ. ಮೂರು ದಿನದ ರಜೆ ಸಾಲುವುದಿಲ್ಲ, ದಣಿವು ಆರಲು ಒಂದು ವಾರವಾದರೂ ಬೇಕು. ಜೊತೆಗೆ, ಏಪ್ರಿಲ್‌ನಲ್ಲಿ ಪಡೆದ ವಿಶ್ರಾಂತಿಯನ್ನು ಜೂನ್‌ಗೆ ಅಂತ ಕೂಡಿಡಲು ಆಗುವುದಿಲ್ಲ. ಕೊನೆಯಲ್ಲೂ ಒಂದಷ್ಟು ದಿನ ಖಾಲಿ ಬೇಕು.

ದಿನಗಳ ಲೆಕ್ಕ

50 ದಿನ ಇದೆ ಅಂದುಕೊಳ್ಳಿ. ಮೊದಲ 10 ದಿನ ಪುಸ್ತಕ ಮುಟ್ಟುವುದು ಬೇಡ. ಕೊನೆಯ 7 ದಿನವೂ ಬೇಡ. ಉಳಿಯಿತು 33. ಅದರಲ್ಲಿ ಐದು ಭಾನುವಾರ ತೆಗೆಯಿರಿ. ಮದುವೆ, ಊರು, ಜ್ವರ, ಸುಮ್ನೆ ಮನಸ್ಸಿಲ್ಲದ ದಿನ ಅಂತ ಇನ್ನೂ 6 ತೆಗೆಯಿರಿ. 22 ದಿನ ಸಿಕ್ಕಿತು. ದಿನಕ್ಕೆ ಎರಡೇ ಗಂಟೆ ಓದಿದರೆ 44 ಗಂಟೆ.

44 ಗಂಟೆ ಕಡಿಮೆ ಅನಿಸುತ್ತದಾ? ಐಐಟಿಗಳೂ ಐಐಎಸ್ಸಿಯೂ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಒಂದು ಪೂರ್ಣ ಕೋರ್ಸ್‌ಗೆ ಇರುವ ಉಪನ್ಯಾಸ ಸುಮಾರು 30 ಗಂಟೆ. ಅಂದರೆ 22 ಬೆಳಗ್ಗೆಗಳಲ್ಲಿ ಒಂದು ಕಾಲೇಜು ವಿಷಯದಷ್ಟು ಪಾಠ ಕೇಳಿ, ಲೆಕ್ಕ ಬಿಡಿಸುವುದಕ್ಕೂ 14 ಗಂಟೆ ಉಳಿಯುತ್ತದೆ. ಇದೇ 44 ಗಂಟೆಯನ್ನು ದಿನಕ್ಕೆ ಎಂಟು ಗಂಟೆಯ ಕ್ರ್ಯಾಶ್ ಕೋರ್ಸ್ ಆರು ದಿನದೊಳಗೆ ಮುಗಿಸಿಬಿಡುತ್ತದೆ. ಗಂಟೆಗಳು ಅಷ್ಟೇ. ಆದರೆ ಒಂದರಲ್ಲಿ ನಡುವೆ ಕಡಿಮೆಯೆಂದರೂ 21 ರಾತ್ರಿಯ ನಿದ್ದೆ ಇದೆ, ಇನ್ನೊಂದರಲ್ಲಿ ಐದು. ಯಾವುದು ಜೂನ್‌ವರೆಗೆ ಉಳಿಯುತ್ತದೆ ಅಂತ ಎಬ್ಬಿಂಗ್‌ಹೌಸ್ ಹೇಳಿಯಾಗಿದೆ.

ಏನನ್ನು ಓದುವುದು? ಇಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು

ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಎರಡೂ ಬೇಡ, ಮೂರೂ ಬೇಡ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನಕ್ಕೆ ಬರುವ ಮಕ್ಕಳ ಬಗ್ಗೆ ನನಗೆ ವಿಶೇಷ ಕಾಳಜಿ. ನಾನೂ ಹಾಗೇ ಬಂದವಳು. ಹಳ್ಳಿಯ ಶಾಲೆಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದಿದ್ದೆ. ಪಿಯುಸಿಯ ಮೊದಲ ವಾರ ಉಪನ್ಯಾಸಕರು "ಆಕ್ಸಲರೇಶನ್" ಅಂದಾಗ ಅದು ನನಗೆ ಚೆನ್ನಾಗಿ ಗೊತ್ತಿದ್ದ ವೇಗೋತ್ಕರ್ಷವೇ ಅಂತ ಹೊಳೆಯಲಿಲ್ಲ. ವಿಷಯ ಗೊತ್ತಿತ್ತು, ಅದರ ಇನ್ನೊಂದು ಹೆಸರು ಗೊತ್ತಿರಲಿಲ್ಲ. ಅಷ್ಟಕ್ಕೇ ದಡ್ಡಿ ಅಂದುಕೊಂಡು ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇವತ್ತಿಗೂ ನನ್ನ ತರಗತಿಯಲ್ಲಿ ಅಂಥ ಮಕ್ಕಳು ಬಂದು ಕೂರುತ್ತಾರೆ.

ಅವರಿಗೆ ಬ್ರಿಡ್ಜ್ ಕೋರ್ಸ್‌ಗಿಂತ ಒಳ್ಳೆಯ ದಾರಿ ಒಂದಿದೆ, ಅದಕ್ಕೆ ಹಣವೂ ಬೇಡ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇದೆ, ಪಾಠಗಳು ಅವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಉಚಿತವಾಗಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ನಿಮಗೆ ಬಾಯಿಪಾಠವಾಗಿರುವ ಬೆಳಕಿನ ಪಾಠವನ್ನೇ ಈಗ ಇಂಗ್ಲಿಷ್‌ನಲ್ಲಿ ಓದಿ. ವಿಷಯ ಹೊಸದಲ್ಲ, ಹಾಗಾಗಿ ತಲೆಗೆ ಭಾರವಿಲ್ಲ. ಹೆಸರುಗಳು ಮಾತ್ರ ಹೊಸವು. ಒಂದು ನೋಟ್‌ಬುಕ್ಕಿನ ಎಡಕ್ಕೆ ವಕ್ರೀಭವನ, ಬಲಕ್ಕೆ ರಿಫ್ರ್ಯಾಕ್ಷನ್. ಎಡಕ್ಕೆ ಪೀನ ಮಸೂರ, ಬಲಕ್ಕೆ ಕಾನ್ವೆಕ್ಸ್ ಲೆನ್ಸ್. ವಿಭವಾಂತರ, ಪೊಟೆನ್ಶಿಯಲ್ ಡಿಫರೆನ್ಸ್. ರೋಧ, ರೆಸಿಸ್ಟೆನ್ಸ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಉತ್ಕರ್ಷಣ, ಆಕ್ಸಿಡೇಶನ್. ದಿನಕ್ಕೆ ಹದಿನೈದು ಪದ ಸಾಕು. 22 ದಿನಕ್ಕೆ 330 ಆಯಿತು. ಮರುದಿನ ಬಲಗಡೆಯನ್ನು ಕೈಯಿಂದ ಮುಚ್ಚಿ ಹೇಳಿಕೊಳ್ಳಿ. ಗಟ್ಟಿಯಾಗಿಯೇ ಹೇಳಿ. ತರಗತಿಯಲ್ಲಿ ಆ ಪದಗಳು ಬರುವುದು ಕಿವಿಗೆ, ಕಣ್ಣಿಗಲ್ಲ. ಉಚ್ಚಾರ ಗೊತ್ತಿಲ್ಲದಿದ್ದರೆ ಮೊಬೈಲ್‌ನಲ್ಲಿ ಕೇಳಿಸಿಕೊಳ್ಳಿ.

ಇಂಗ್ಲಿಷ್ ಮಾಧ್ಯಮದವರಿಗೆ ಬೇರೆ ಕೊರತೆ. ಪಿಯುಸಿ ವಿಜ್ಞಾನಕ್ಕೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪುಸ್ತಕ. ಅದರ ಭೌತಶಾಸ್ತ್ರದ ಎರಡನೇ ಪಾಠಕ್ಕೇ ಡೆರಿವೇಟಿವ್ (ಒಂದು ಎಷ್ಟು ವೇಗವಾಗಿ ಬದಲಾಗುತ್ತದೆ ಅನ್ನುವ ಲೆಕ್ಕ) ಬೇಕು, ಮೂರನೇ ಪಾಠಕ್ಕೆ ವೆಕ್ಟರ್ (ಅಳತೆಯ ಜೊತೆ ದಿಕ್ಕೂ ಇರುವ ಪರಿಮಾಣ) ಬೇಕು. ಗಣಿತದಲ್ಲಿ ಡೆರಿವೇಟಿವ್ ಬರುವುದು ಮೊದಲ ವರ್ಷದ ಪುಸ್ತಕದ ಕೊನೆಯ ಕಡೆಗೆ. ವೆಕ್ಟರ್ ಪಾಠ ಎರಡನೇ ವರ್ಷಕ್ಕೆ. ಜುಲೈ ತಿಂಗಳಲ್ಲಿ ಭೌತಶಾಸ್ತ್ರ ಅರ್ಥವಾಗುತ್ತಿಲ್ಲ ಅಂತ ಅಳುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ನಿಜವಾಗಿ ಅರ್ಥವಾಗದೆ ಇರುವುದು ಈ ಗಣಿತ. ಹಾಗಾಗಿ ಅವರ 22 ದಿನ ಇದಕ್ಕೆ ಮೀಸಲಾಗಲಿ. ತ್ರಿಕೋನಮಿತಿಯನ್ನು ಗಟ್ಟಿ ಮಾಡಿಕೊಳ್ಳುವುದು, ಗ್ರಾಫ್ ಬಿಡಿಸಿ ಅದರ ಇಳಿಜಾರು ನೋಡುವುದು, ಬಾಣದ ಗುರುತು ಹಾಕಿ ವೆಕ್ಟರ್ ಕೂಡುವುದು. ಇಷ್ಟು ಸಾಕು. ಪಿಯುಸಿ ಪುಸ್ತಕವನ್ನು ಅರ್ಧ ಮುಗಿಸಿಬಿಡುತ್ತೇನೆ ಅಂತ ಹೊರಡುವುದು ಬೇಡ.

ಮೊದಲ ಪಿಯುಸಿ ಮುಗಿಸಿದವರಿಗೆ ನನ್ನ ಸಲಹೆ ಬಹಳ ಮನೆಗಳಲ್ಲಿ ಹಿಡಿಸುವುದಿಲ್ಲ. ಎಲ್ಲರೂ ಎರಡನೇ ಪಿಯುಸಿ ಪಾಠವನ್ನು ಏಪ್ರಿಲ್‌ನಲ್ಲೇ ಶುರು ಮಾಡಲು ಓಡುತ್ತಾರೆ. ಆದರೆ ಕೆಸಿಇಟಿಗೂ ನೀಟ್‌ಗೂ ಎರಡೂ ವರ್ಷದ ಪಾಠ ಬರುತ್ತದೆ. ಎರಡನೇ ವರ್ಷ ಕಾಲೇಜು ಹೇಗೂ ಕಲಿಸುತ್ತದೆ. ಮೊದಲ ವರ್ಷದ ಪಾಠವನ್ನು ಮತ್ತೆ ಕಲಿಸುವವರು ಯಾರೂ ಇಲ್ಲ, ಮುಂದೆ ಅದಕ್ಕೆ ಬಿಡುವೂ ಸಿಗುವುದಿಲ್ಲ. ಈ ರಜೆಯಲ್ಲಿ ಹಿಂದಕ್ಕೆ ಹೋಗಿ, ನಿಮಗೆ ಕೈಕೊಟ್ಟ ಮೂರು ನಾಲ್ಕು ಪಾಠಗಳನ್ನು ಸರಿ ಮಾಡಿಕೊಳ್ಳಿ.

ಡಿಗ್ರಿ, ಎಂಜಿನಿಯರಿಂಗ್ ಓದುವವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂ, ಎನ್‌ಪಿಟಿಇಎಲ್ ಇವೆ. ಅವುಗಳ ಕೋರ್ಸ್‌ಗಳು ಹೆಚ್ಚಾಗಿ ಜನವರಿಯಲ್ಲಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಬೇಸಿಗೆಯಲ್ಲಿ ಹಳೆಯ ಉಪನ್ಯಾಸಗಳನ್ನು ಯೂಟ್ಯೂಬ್‌ನಲ್ಲಿ ನೋಡಿಕೊಂಡು, ಜುಲೈನಲ್ಲಿ ಅದೇ ಕೋರ್ಸ್‌ಗೆ ಹೆಸರು ಕೊಡಬಹುದು. ಕಲಿಯಲು ಹಣ ಕೊಡಬೇಕಾಗಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ಮೊದಲ ಸಲ ಪಾಸಾಗದೆ ಅಥವಾ ಅಂಕ ಸಾಲದೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯ ಪರೀಕ್ಷೆ-2 ಬರೆಯಬೇಕಾದ ಮಕ್ಕಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಓದು ಪರೀಕ್ಷೆಯವರೆಗೆ ನಡೆಯಲೇಬೇಕು. ಆದರೂ ರಾತ್ರಿಯ ನಿದ್ದೆ ಪೂರ್ತಿ ಇರಲಿ, ಸಂಜೆಯ ಆಟ ಇರಲಿ. ಪರೀಕ್ಷೆ ಮುಗಿದ ಮೇಲೆ ಒಂದು ವಾರ ಅವರನ್ನು ಯಾರೂ ಏನೂ ಕೇಳದಿರಲಿ. ಎಲ್ಲರಿಗಿಂತ ಜಾಸ್ತಿ ದಣಿದವರು ಅವರೇ.

ಆ ಎರಡು ಗಂಟೆ

ಬೆಳಗ್ಗೆಯೇ ಒಳ್ಳೆಯದು. ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ದೊಡ್ಡವರೇ ಸಮಯ ಬದಲಿಸಿಕೊಳ್ಳುವಾಗ, ಮಕ್ಕಳನ್ನು ಮಧ್ಯಾಹ್ನ ಎರಡಕ್ಕೆ ತಗಡಿನ ಮಾಡಿನ ಕೆಳಗೆ ಕೂರಿಸಿ ಪಾಠ ಮಾಡುವುದು ಸರಿಯಲ್ಲ, ಅಲ್ವಾ? ಆ ಕಡೆಯವರಿಗೆ 6ರಿಂದ 8 ಸರಿ. ಬೆಂಗಳೂರು, ಮಲೆನಾಡಿನ ಕಡೆ 7ರಿಂದ 9 ಇಟ್ಟುಕೊಳ್ಳಬಹುದು.

ಕೂತ ತಕ್ಷಣ ಖಾಲಿ ಹಾಳೆ ತೆಗೆದುಕೊಂಡು, ನಿನ್ನೆ ಓದಿದ್ದನ್ನು ನೋಡದೆ ಬರೆಯಿರಿ. ಹತ್ತು ನಿಮಿಷ. ಬಿಟ್ಟುಹೋಗಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆಮೇಲೆ ಮುಕ್ಕಾಲು ಗಂಟೆ ಹೊಸ ಪಾಠ. ನಡುವೆ ಹತ್ತು ಹದಿನೈದು ನಿಮಿಷ ಎದ್ದು ಹೋಗಿ. ನೀರು ಕುಡಿಯಿರಿ, ಗಿಡಕ್ಕೂ ಹಾಕಿ. ಆದರೆ ಆ ಬಿಡುವಿನಲ್ಲಿ ಮೊಬೈಲ್ ಬೇಡ. ಆಗ ತಾನೇ ಕಲಿತಿದ್ದು ಕೂರುವುದಕ್ಕೆ ಸುಮ್ಮನಿರುವ ಕೆಲವು ನಿಮಿಷ ಬೇಕು. ಉಳಿದ ಹೊತ್ತು ಲೆಕ್ಕ ಬಿಡಿಸಿ. ಎರಡು ಗಂಟೆ ಆದ ಕೂಡಲೇ ಪುಸ್ತಕ ಒಳಗಿಡಿ. ಚೆನ್ನಾಗಿ ಸಾಗುತ್ತಿದೆ, ಇನ್ನೊಂದು ಗಂಟೆ ಓದೋಣ ಅನಿಸಿದರೂ ಬೇಡ. ನಾಳೆ ಕೂರುವ ಆಸೆ ಉಳಿಯುವುದು ಅದರಿಂದಲೇ. ಆಮೇಲೆ ದಿನವಿಡೀ "ಓದಿದ್ಯಾ?" ಅನ್ನುವ ಪ್ರಶ್ನೆ ಮನೆಯಲ್ಲಿ ಏಳಬಾರದು. ಆ ಒಂದು ಪ್ರಶ್ನೆ ಇಡೀ ದಿನದ ವಿಶ್ರಾಂತಿಯನ್ನು ತಿಂದುಹಾಕುತ್ತದೆ.

ತರಗತಿಗೇ ಸೇರಿಸಬೇಕು ಅನ್ನುವ ಅಪ್ಪ ಅಮ್ಮಂದಿರು ಹಣ ಕಟ್ಟುವ ಮೊದಲು ಒಂದಿಷ್ಟು ಕೇಳಿಕೊಳ್ಳಿ. ದಿನಕ್ಕೆ ಎಷ್ಟು ಗಂಟೆ? ಮೂರಕ್ಕಿಂತ ಜಾಸ್ತಿ ಆದರೆ ಬೇಡ ಅನ್ನಿ. ಹೋಗಿ ಬರುವ ಹೊತ್ತನ್ನೂ ಇದಕ್ಕೆ ಸೇರಿಸಿ. ಬೆಂಗಳೂರಿನಲ್ಲಿ ಎರಡು ಗಂಟೆಯ ಪಾಠಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವ ಮಕ್ಕಳಿದ್ದಾರೆ. ಭಾನುವಾರ ಬಿಡುವು ಇದೆಯಾ? ಮದುವೆಗೆ ಅಂತ ಒಂದು ವಾರ ತಪ್ಪಿದರೆ ಮತ್ತೆ ಸೇರಿಕೊಳ್ಳಬಹುದಾ? ಕೊನೆಯದಾಗಿ, ಮಗುವನ್ನು ಕೇಳಿದಿರಾ? ಒಂದು ವರ್ಷ ನನ್ನ ತರಗತಿಗೆ ಬಂದ ಹುಡುಗಿಯೊಬ್ಬಳು ಮೇ ತಿಂಗಳಿಡೀ ಹಾಸ್ಟೆಲ್‌ನಲ್ಲಿದ್ದು ಕೋಚಿಂಗ್ ಮುಗಿಸಿದ್ದಳು. ಅವಳ ಅಜ್ಜಿ ತೀರಿಕೊಂಡ ಬೇಸಿಗೆ ಅದು. ಅಜ್ಜಿಯ ಜೊತೆ ಹದಿನೈದು ದಿನ ಇರಬೇಕು ಅಂದುಕೊಂಡಿದ್ದೆ ಮಿಸ್, ಎರಡು ದಿನ ಮಾತ್ರ ಕಳಿಸಿದರು ಅಂತ ಹೇಳಿ ಸುಮ್ಮನಾದಳು. ಅವಳು ರಜೆಯಲ್ಲಿ ಓದಿದ ಪಾಠವನ್ನು ನಾನು ಆಗಸ್ಟ್‌ನಲ್ಲಿ ಹೇಗೂ ಮಾಡುವವಳಿದ್ದೆ.

ಕೊನೆಯ ಏಳು ದಿನದಲ್ಲಿ ಮಾಡಬೇಕಾದ ಕೆಲಸ ಒಂದೇ. ಏಳುವ ಸಮಯವನ್ನು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹಿಂದಕ್ಕೆ ತನ್ನಿ. ಹದಿಹರೆಯದವರಿಗೆ ರಾತ್ರಿ ನಿದ್ದೆ ತಡವಾಗಿ ಹತ್ತುವುದು ಸಹಜ. ರಜೆಯಲ್ಲಿ ಅದು ಇನ್ನಷ್ಟು ಜಾರಿರುತ್ತದೆ. ಎಂಟಕ್ಕೆ ಏಳುತ್ತಿದ್ದವರು ವಾರದಲ್ಲಿ ಆರಕ್ಕೆ ಬರಬಹುದು. ಎದ್ದ ಮೇಲೆ ಹತ್ತು ನಿಮಿಷ ಹೊರಗೆ ಬೆಳಕಿನಲ್ಲಿ ಓಡಾಡಿದರೆ ಬೇಗ ಹೊಂದಿಕೆಯಾಗುತ್ತದೆ. ಉಳಿದ ಹೊತ್ತಿನಲ್ಲಿ ಮಾವು ತಿನ್ನಿ, ಗೆಳೆಯರ ಮನೆಗೆ ಹೋಗಿ, ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೆದ ಆ ನೋಟ್‌ಬುಕ್ ಬ್ಯಾಗಿನಲ್ಲಿರಲಿ. ಮೊದಲ ದಿನ ಅದನ್ನು ನನಗೆ ತಂದು ತೋರಿಸುವ ಮಕ್ಕಳಿದ್ದಾರೆ. ಕೊನೆಯ ಪುಟದಲ್ಲಿ ಇನ್ನೂ ಖಾಲಿ ಜಾಗ ಇರುತ್ತದೆ. ಅಲ್ಲಿ ನಾವಿಬ್ಬರೂ ಸೇರಿ ಆ ದಿನದ ಪದಗಳನ್ನು ಬರೆಯುತ್ತೇವೆ.